ಮಾವನವರ ಮಾರ್ಫಿನ್ ಮಾತ್ರೆ: ಹೆದರಬೇಕಾದ್ದು ಯಾವುದಕ್ಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸೋಮವಾರಪೇಟೆ ಕಡೆ ಊರು. ಮಾವನವರಿಗೆ 71 ವರ್ಷ. ಮಿಲಿಟರಿಯಿಂದ ರಿಟೈರ್ ಆಗಿ ಬಂದು ತೋಟ ನೋಡಿಕೊಂಡಿದ್ದವರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಮಾರ್ಫಿನ್ 10 ಎಂ.ಜಿ. ಮಾತ್ರೆ ನಾಲ್ಕು ಗಂಟೆಗೊಂದರಂತೆ ಬರೆದುಕೊಟ್ಟಿದ್ದಾರೆ. ಆದರೆ ಮಾವ ದಿನಕ್ಕೆ ಒಂದೋ ಎರಡೋ, ತಡೆಯೋಕೆ ಆಗದೇ ಹೋದಾಗ ಮಾತ್ರ ತಗೋತಾರೆ. ‘ಅದು ಅಫೀಮು, ಹಿಡಿದರೆ ಬಿಡಲ್ಲ’ ಅಂತಾರೆ. ಪಕ್ಕದ ಮನೆಯವರು ಇದು ಕೊನೇ ಹಂತದಲ್ಲಿ ಕೊಡೋ ಮಾತ್ರೆ ಅಂದರು. ನಮ್ಮ ಯಜಮಾನರು ಅಮೆರಿಕದ ಯಾವುದೋ ವಿಡಿಯೊ ನೋಡಿ ಹೆದರಿದ್ದಾರೆ. ಆರು ದಿನದಿಂದ ಮಾವನಿಗೆ ಮಲ ಆಗಿಲ್ಲ, ಇಸಬಗೋಲು ಕೊಡ್ತಾ ಇದ್ದೀನಿ. ರಾತ್ರಿ ಎರಡು ಪೆಗ್ ರಮ್ ಬಿಟ್ಟಿಲ್ಲ. ನೋವು ಜಾಸ್ತಿ ಆದಾಗ ಊರಲ್ಲೊಬ್ಬರು ಬಂದು ಡೈಕ್ಲೋ ಇಂಜೆಕ್ಷನ್ ಚುಚ್ಚಿ ಹೋಗ್ತಾರೆ. ಬೆಂಗಳೂರಲ್ಲಿರೋ ನಾದಿನಿ ಪ್ಯಾಚ್ ಹಾಕಿಸಿ ಅಂತಾಳೆ. ಯಜಮಾನರಿಗೂ ಸೊಂಟನೋವಿದೆ, ನಾನೂ ಒಂದು ಮಾತ್ರೆ ನುಂಗಿ ನೋಡ್ಲಾ ಅಂತ ಕೇಳಿದರು. ಮನೆಯಲ್ಲಿ ಐದು ವರ್ಷದ ಮಗು ಇದೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೋವಿನ ಚಿಕಿತ್ಸೆಯನ್ನೇ ಕೆಲಸ ಮಾಡಿಕೊಂಡವನು ನಾನು. ಇದರಲ್ಲಿರುವ ಒಂದೊಂದು ಸಾಲನ್ನೂ ಕೊಡಗಿನ ಯಾವುದಾದರೊಂದು ಮನೆಯ ಜಗಲಿಯಲ್ಲಿ ಕೂತು ಕೇಳಿದ್ದೇನೆ. ನನಗೆ ಪ್ರತಿ ಸಲ ಅನಿಸೋದು ಒಂದೇ. ಮನೆಯವರೆಲ್ಲ ಹೆದರಿರುತ್ತಾರೆ, ಆದರೆ ಹೆದರಿಕೆ ಜಾಗ ತಪ್ಪಿರುತ್ತದೆ. ಮಾರ್ಫಿನ್ ಅನ್ನೋ ಹೆಸರಿಗೆ ಹೆದರುತ್ತಾರೆ, ಅದರ ಪಕ್ಕದಲ್ಲೇ ಇರೋ ರಮ್ಮಿನ ಲೋಟಕ್ಕೆ ಹೆದರುವುದಿಲ್ಲ. ಚಟಕ್ಕೆ ಹೆದರುತ್ತಾರೆ, ಆರು ದಿನ ಕಟ್ಟಿಕೊಂಡ ಹೊಟ್ಟೆಯನ್ನು ‘ಸ್ವಲ್ಪ ಮಲಬದ್ಧತೆ’ ಅಂತ ಬಿಟ್ಟುಬಿಡುತ್ತಾರೆ.

ಎಲ್ಲಕ್ಕಿಂತ ಮೊದಲು, ನೀವು ಕೇಳದೇ ಇರುವ ಒಂದು ವಿಷಯ ಹೇಳಿಬಿಡುತ್ತೇನೆ. ಕ್ಯಾನ್ಸರ್ ಬೆನ್ನುಮೂಳೆಗೆ ಬಂದಿದೆ ಅಂದಿದ್ದೀರಿ. ಮಾವನವರಿಗೆ ಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯಾ ನೋಡಿ. ನಡೆಯುವಾಗ ಕಾಲು ಮಡಚಿಕೊಳ್ಳುತ್ತಾ, ಚಪ್ಪಲಿ ಜಾರಿ ಹೋಗಿದ್ದು ಗೊತ್ತಾಗುವುದಿಲ್ವಾ, ಮೂತ್ರ ಕಟ್ಟುತ್ತಾ ಅಥವಾ ತಿಳಿಯದೇ ಹೋಗುತ್ತಾ, ಕೂರುವ ಜಾಗ ಮರಗಟ್ಟಿದೆಯಾ? ಇದರಲ್ಲಿ ಒಂದು ಹೌದು ಅಂದರೂ ಈ ಉತ್ತರವನ್ನು ಇಲ್ಲೇ ಬಿಟ್ಟು ಇವತ್ತೇ, ನಾಳೆ ಬೆಳಿಗ್ಗೆ ಅಲ್ಲ, ಸ್ಕ್ಯಾನಿಂಗ್ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಗಂಟೆಗಳ ಲೆಕ್ಕದಲ್ಲಿ ಕಾಲು ಬಿದ್ದುಹೋಗಬಹುದು. ಬಿದ್ದ ಮೇಲೆ ವಾಪಸ್ ಬರುವುದು ಕಷ್ಟ. ಮಲ ಕಟ್ಟುವುದೂ ಕೆಲವೊಮ್ಮೆ ಇದರದೇ ಸೂಚನೆ. ಅದಕ್ಕೇ ಆ ಆರು ದಿನದ ಸಾಲು ಓದಿ ನನಗೆ ಕಸಿವಿಸಿ ಆಯಿತು.

ಇನ್ನು ಅಫೀಮಿನ ಮಾತು. ಮಾವನವರು ಹೇಳಿದ್ದು ಸುಳ್ಳೇನಲ್ಲ. ಮಾರ್ಫಿನ್ ಬರುವುದು ಅಫೀಮಿನ ಗಿಡದಿಂದಲೇ. ನಮ್ಮ ದೇಶದಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಅದನ್ನು ಬೆಳೆಯುತ್ತಾರೆ. ಗಾಜಿಪುರ ಮತ್ತು ನೀಮಚ್‌ನಲ್ಲಿ ಸರ್ಕಾರದ್ದೇ ಕಾರ್ಖಾನೆಗಳಿವೆ. ಬೆಳೆ ನಮ್ಮದೇ, ಆದರೂ ನಮ್ಮ ರೋಗಿಗಳಿಗೆ ಮಾತ್ರೆ ಸಿಗುತ್ತಿರಲಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಕಾಗದಪತ್ರದ ರಗಳೆಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಂಡು ಕೊಡಬಹುದು. ನಿಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಇದು ಸಿಗದೇ ಇರುವುದಕ್ಕೂ, ನೀವು ಮೈಸೂರಿಗೆ ಓಡಾಡಬೇಕಾಗಿ ಬಂದಿರುವುದಕ್ಕೂ ಕಾರಣ ಇದೇ. ಡಾಕ್ಟರ ಚೀಟಿ ಇದ್ದರೆ ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ ಅಲ್ಲ. ಬಸ್ಸಿನಲ್ಲಿ ತರುವಾಗ ಚೀಟಿ ಜೊತೆಗಿರಲಿ, ಮಾತ್ರೆ ಅದರ ಸ್ಟ್ರಿಪ್ಪಿನಲ್ಲೇ ಇರಲಿ. ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ಕಣ್ಣೂರು ಕಡೆ ಆಸ್ಪತ್ರೆಗೆ ಹೋಗುವವರಿಗೂ ಇದೇ ಮಾತು ಹೇಳಿ ಕಳಿಸುತ್ತೇನೆ.

‘ಹಿಡಿದರೆ ಬಿಡಲ್ಲ’ ಅನ್ನುವುದರಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿವೆ. ಮೈ ಒಗ್ಗಿಕೊಳ್ಳುವುದು ಒಂದು. ಕೆಲವು ವಾರ ಕ್ರಮವಾಗಿ ತೆಗೆದುಕೊಂಡವರು ಯಾರೇ ಆಗಲಿ ದಿಢೀರ್ ನಿಲ್ಲಿಸಿದರೆ ಬೆವರು, ಆಕಳಿಕೆ, ಮೂಗು ಸೋರುವುದು, ಭೇದಿ, ಮೈಕೈ ಕಿತ್ತುಬರುವುದು ಎಲ್ಲ ಆಗುತ್ತದೆ. ಇದು ಮೈಯ ಲೆಕ್ಕಾಚಾರ ಅಷ್ಟೇ, ಕೆಲವು ಬಿ.ಪಿ. ಮಾತ್ರೆಯಲ್ಲೂ ಸ್ಟೆರಾಯ್ಡಿನಲ್ಲೂ ಇಂಥದ್ದು ಇದೆ. ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಿದರೆ ಸಲೀಸಾಗಿ ಬಿಡಬಹುದು. ಚಟ ಬೇರೆ. ನೋವಿಲ್ಲದಿದ್ದರೂ ಮಾತ್ರೆಯೇ ಬೇಕು, ಅದಕ್ಕಾಗಿ ಸುಳ್ಳು ಹೇಳಬೇಕು, ಮನೆ ಹಾಳಾದರೂ ಬೇಕು ಅನ್ನೋದು ಚಟ. ಅದು ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಕ್ಯಾನ್ಸರ್ ನೋವಿಗೆ ಲೆಕ್ಕಮಾಡಿ ಕೊಟ್ಟು, ಡಾಕ್ಟರು ಕಣ್ಣಿಟ್ಟಿರುವಾಗ ಅದು ಅಪರೂಪ. ನಿಮ್ಮ ಮಾವನವರ ಕಥೆಯಂತೂ ಉಲ್ಟಾ. ಬರೆದುಕೊಟ್ಟದ್ದನ್ನೇ ನುಂಗದವರಿಗೆ ಚಟದ ಚಿಂತೆ ಯಾಕೆ?

ಯಜಮಾನರು ನೋಡಿದ ವಿಡಿಯೊ ಬಗ್ಗೆ. ಅಮೆರಿಕದಲ್ಲಿ ಆದದ್ದು ನಿಜ. ಅಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಅನ್ನೋ ಮಾತ್ರೆ ಬಂತು. ಮಾರ್ಫಿನ್ ಜಾತಿಯದೇ. ಇದರಿಂದ ಚಟ ಹತ್ತುವುದು ಕಡಿಮೆ ಅಂತ ಕಂಪನಿ ಪ್ರಚಾರ ಮಾಡಿತು. ಬೆನ್ನುನೋವು, ಮಂಡಿನೋವು ಅಂತ ಬಂದವರಿಗೆಲ್ಲ ತಿಂಗಳುಗಟ್ಟಲೆ ಬರೆದುಕೊಟ್ಟರು. ಪ್ರಚಾರ ದಾರಿ ತಪ್ಪಿಸುವಂಥದ್ದು ಅಂತ 2007ರಲ್ಲಿ ಆ ಕಂಪನಿಯೇ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿತು. ಅಷ್ಟರಲ್ಲಿ ಬೇಕಾದಷ್ಟು ಜನ ಸತ್ತಿದ್ದರು. ಆ ವಿಡಿಯೊ ನಿಮ್ಮ ಮಾವನವರಿಗಿಂತ ಜಾಸ್ತಿ ಅನ್ವಯಿಸುವುದು ಸೊಂಟನೋವಿಗೆ ಒಂದು ಮಾತ್ರೆ ನುಂಗಿ ನೋಡ್ಲಾ ಅಂದ ಯಜಮಾನರಿಗೇ! ಅದಕ್ಕೆ ಆಮೇಲೆ ಬರುತ್ತೇನೆ.

ಕೊನೇ ಹಂತದ ಮಾತ್ರೆ ಅನ್ನುವುದು ತಪ್ಪು. ಆಪರೇಷನ್ ಆದವರಿಗೆ, ಆಕ್ಸಿಡೆಂಟಿನಲ್ಲಿ ತೊಡೆ ಮೂಳೆ ಮುರಿದವರಿಗೆ ಇದನ್ನೇ ಕೊಡುತ್ತೇವೆ, ಅವರು ಎದ್ದು ನಡೆದು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ತುಂಬಾ ವರ್ಷ ಇದನ್ನು ತೀರಾ ಕೊನೆಗೆ, ಸಾಯೋ ಎರಡು ದಿನ ಮುಂಚೆ ಕೊಡುತ್ತಿದ್ದರು. ಹಾಗಾಗಿ ಮಾತ್ರೆ ಬಂತು ಅಂದರೆ ಸಾವು ಬಂತು ಅಂತ ಜನ ಜೋಡಿಸಿಕೊಂಡರು. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ.

ಈಗ ಮುಖ್ಯ ವಿಷಯ. ತಡೆಯೋಕೆ ಆಗದಾಗ ಮಾತ್ರ ನುಂಗುವ ಕ್ರಮವೇ ಸರಿಯಿಲ್ಲ. ಈ ಮಾತ್ರೆ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು, ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತದೆ. ನೋವು ಏರಿ ತಲೆಗೆ ಹತ್ತಿದ ಮೇಲೆ ನುಂಗಿದರೆ ಆ ಅರ್ಧ ಗಂಟೆ ನರಕ. ಎದ್ದ ನೋವನ್ನು ಕೂರಿಸಲು, ಏಳದಂತೆ ತಡೆಯಲು ಬೇಕಾಗುವುದಕ್ಕಿಂತ ಜಾಸ್ತಿ ಮಾತ್ರೆ ಬೇಕಾಗುತ್ತದೆ. ಅಡಿಕೆಗೆ ಬೋರ್ಡೋ ಹೊಡೆಯೋದು ಕೊಳೆ ರೋಗ ಬಂದ ಮೇಲಲ್ಲ, ಮಳೆ ಹಿಡಿಯೋ ಮುಂಚೆ, ಅಲ್ವಾ? ಇದೂ ಹಾಗೇ, ಗಡಿಯಾರ ನೋಡಿ ಕೊಡುವ ಔಷಧಿ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ರಾತ್ರಿ ಎರಡಕ್ಕೆ ಎಬ್ಬಿಸಬಾರದು ಅಂತ ಹತ್ತು ಗಂಟೆಗೇ ಎರಡು ಮಾತ್ರೆ ಕೊಡುವ ಪದ್ಧತಿ ನಮ್ಮಲ್ಲಿದೆ. ನಿಮ್ಮ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಮಾತ್ರ ಕೊಡಿ.

ಆದರೆ ನಾಳೆಯಿಂದಲೇ ಪೂರ್ತಿ ಡೋಸ್ ಶುರುಮಾಡಿ ಅಂತ ನಾನು ಹೇಳುತ್ತಿಲ್ಲ. ದಿನಕ್ಕೊಂದು ಎರಡು ನುಂಗುತ್ತಿದ್ದವರು, ಅದರ ಮೇಲೆ ರಮ್, ಅದರ ಮೇಲೆ ಡೈಕ್ಲೋ ಇಂಜೆಕ್ಷನ್. ಮೈಸೂರಿನ ಡಾಕ್ಟರಿಗೆ ಇದ್ಯಾವುದೂ ಗೊತ್ತಿರಲಿಕ್ಕಿಲ್ಲ. ಮೊದಲು ಫೋನ್ ಮಾಡಿ ಎಲ್ಲ ಹೇಳಿ. ಅವರು ಅರ್ಧ ಮಾತ್ರೆಯಿಂದ, ಅಂದರೆ 5 ಎಂ.ಜಿ.ಯಿಂದ ಶುರುಮಾಡಿ ಅನ್ನಬಹುದು. ವಯಸ್ಸಾದವರಿಗೆ ಹಾಗೆ ಮಾಡುವುದುಂಟು. ಒಂದು ಎಚ್ಚರಿಕೆ: ಮಾಮೂಲಿ ಮಾತ್ರೆಯನ್ನು ಅರ್ಧ ಮಾಡಬಹುದು. ಸ್ಟ್ರಿಪ್ಪಿನ ಮೇಲೆ ಎಸ್.ಆರ್. ಅಂತ ಇದ್ದರೆ ಅದು 12 ಗಂಟೆ ನಿಧಾನವಾಗಿ ಬಿಡುವ ಮಾತ್ರೆ. ಅದನ್ನು ಮುರಿಯಬಾರದು, ಅಗಿಯಬಾರದು, ಗಂಜಿಗೆ ಕುಟ್ಟಿ ಹಾಕಬಾರದು. ಹಾಗೆ ಮಾಡಿದರೆ 12 ಗಂಟೆಯದು ಒಂದೇ ಸಲ ಮೈಗೆ ಇಳಿಯುತ್ತದೆ.

ಡೈಕ್ಲೋ ಇಂಜೆಕ್ಷನ್ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬಂತು. ಮಾರ್ಫಿನ್ ಅಂದರೆ ಮುಖ ಕಿವುಚುವ ಮನೆಗಳಲ್ಲಿ ಈ ಸೂಜಿಗೆ ಮಾತ್ರ ಕೆಂಪು ಕಂಬಳಿ ಹಾಸುತ್ತಾರೆ. 71 ವರ್ಷದವರಿಗೆ ಪದೇ ಪದೇ ಚುಚ್ಚಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಕಿಡ್ನಿ ಸೊರಗಬಹುದು. ಕಿಡ್ನಿ ಸೊರಗಿದರೆ ಮಾರ್ಫಿನ್ ಕರಗಿ ಉಳಿದದ್ದು ಮೂತ್ರದಲ್ಲಿ ಹೋಗದೆ ಮೈಯಲ್ಲೇ ಕೂಡುತ್ತದೆ. ಆಗ ಅದೇ 10 ಎಂ.ಜಿ. ಜಾಸ್ತಿಯಾಗಿ, ರೋಗಿ ಮಂಕಾಗಿ, ಏನೇನೋ ಮಾತಾಡುತ್ತಾ, ಕೈಕಾಲು ಜಗ್ಗಿದಂತೆ ಅದುರಿಸಲು ಶುರುಮಾಡುತ್ತಾರೆ. ನೋಡಿದವರು ‘ಮಾರ್ಫಿನ್ ತಲೆಗೇರಿತು’ ಅಂತಾರೆ. ಸೂಜಿ ಹಾಕಿದವರ ಹೆಸರು ಯಾರೂ ಎತ್ತುವುದಿಲ್ಲ. ಇಂಜೆಕ್ಷನ್ ನಿಲ್ಲಿಸಿ, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ಹೊಟ್ಟೆಯ ವಿಷಯ. ಮಾರ್ಫಿನ್ ಕರುಳಿನ ಓಡಾಟವನ್ನೇ ನಿಧಾನ ಮಾಡುತ್ತದೆ. ವಾಕರಿಕೆ, ತೂಕಡಿಕೆ ಮೊದಲ ಕೆಲವು ದಿನ ಇದ್ದು ಹೋಗುತ್ತವೆ, ಮಲಬದ್ಧತೆ ಮಾತ್ರ ಮಾತ್ರೆ ಇರುವಷ್ಟು ದಿನವೂ ಇರುತ್ತದೆ. ಅದಕ್ಕೇ ಮೊದಲ ದಿನದಿಂದಲೇ ಮಲ ಸಲೀಸಾಗಿ ಹೋಗಿಸುವ ಮಾತ್ರೆ ಜೊತೆಗೆ ಕೊಡಬೇಕು. ಸಾಮಾನ್ಯವಾಗಿ ಬಿಸಾಕೊಡಿಲ್ ಅಥವಾ ಸೆನ್ನಾ, ಬೇಕಾದರೆ ಲ್ಯಾಕ್ಟುಲೋಸ್ ಸಿರಪ್. ಚೀಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಇಸಬಗೋಲು ಇಲ್ಲಿ ಒಳ್ಳೆಯದಲ್ಲ. ಅದು ನೀರು ಹೀರಿ ಉಬ್ಬುವ ವಸ್ತು. ಕರುಳು ಓಡುತ್ತಿದ್ದರೆ ಸರಿ. ನಿಂತ ಕರುಳಿನಲ್ಲಿ, ನೀರೂ ಕಡಿಮೆ ಕುಡಿಯುವವರಲ್ಲಿ, ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ನಿಲ್ಲಿಸಿ. ಆರು ದಿನ ಆಗಿರುವುದರಿಂದ ಮನೆಮದ್ದು ಬೇಡ, ಡಾಕ್ಟರಿಗೋ ನರ್ಸಿಗೋ ತೋರಿಸಿ, ಎನಿಮಾ ಬೇಕಾಗಬಹುದು. ಹೊಟ್ಟೆ ಉಬ್ಬರಿಸಿ ವಾಂತಿಯೂ ಇದ್ದರೆ ಕಾಯಬೇಡಿ. ಇನ್ನೊಂದು ಮೋಸ ಇದೆ. ದಿನಗಟ್ಟಲೆ ಕಟ್ಟಿ ಆಮೇಲೆ ನೀರಿನಂತೆ ಸ್ವಲ್ಪ ಸ್ವಲ್ಪ ಹೋಗಲು ಶುರುವಾದರೆ ಅದು ಭೇದಿ ಅಂತ ತಿಳಿಯಬೇಡಿ. ಗಟ್ಟಿ ಮಲದ ಸಂದಿಯಲ್ಲಿ ಸೋರುವ ನೀರು ಅದು.

ರಮ್. ನಾನೂ ಕೊಡಗಿನಲ್ಲಿ ಓಡಾಡಿದವನು. ಕ್ಯಾಂಟೀನಿನ ಬಾಟಲಿ, ಹುತ್ತರಿ, ಮದುವೆ ಮನೆ ಎಲ್ಲ ಗೊತ್ತು. ಮಳೆಗಾಲದ ರಾತ್ರಿ ಎರಡು ಪೆಗ್ ಬಿಡಿ ಅಂದರೆ ಮಾವನವರು ನನ್ನನ್ನು ಯಾವ ಊರಿನವನು ಅಂತ ಕೇಳಬಹುದು. ಆದರೂ ಹೇಳಬೇಕು. ಮಾರ್ಫಿನ್ನೂ ಮದ್ಯವೂ ಎರಡೂ ಉಸಿರಾಟವನ್ನು ನಿಧಾನ ಮಾಡುತ್ತವೆ. ಒಂಬತ್ತಕ್ಕೆ ರಮ್, ಹತ್ತಕ್ಕೆ ಎರಡು ಮಾತ್ರೆ, ಮಲಗುವ ಹೊತ್ತು, ಮನೆಯವರೆಲ್ಲ ನಿದ್ದೆ. ನನಗೆ ಭಯ ಇರುವುದು ಆ ಹೊತ್ತಿನದು. ನಿದ್ದೆ ಮಾತ್ರೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಂ, ನರದ ನೋವಿನ ಪ್ರಿಗಾಬಾಲಿನ್, ನಿದ್ದೆ ತರಿಸುವ ಶೀತದ ಮಾತ್ರೆ, ಇವೂ ಸೇರಿದರೆ ಇದೇ ಅಪಾಯ. ಹಾಗಂತ ನೀವು ಬಾಟಲಿ ಬಚ್ಚಿಡಲು ಹೋಗಬೇಡಿ. ನಲವತ್ತು ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಗಾಬರಿಯಾಗಿ, ಫಿಟ್ಸ್ ಕೂಡ ಬರಬಹುದು. ಎಷ್ಟು ಕುಡಿಯುತ್ತಾರೆ ಅಂತ ಡಾಕ್ಟರಿಗೆ ಸರಿಯಾಗಿ ಹೇಳಿ, ಹೇಗೆ ಬಿಡಿಸಬೇಕು ಅಂತ ಅವರಿಂದಲೇ ಕೇಳಿ. ನನ್ನ ಅನುಭವದಲ್ಲಿ ಇಂಥವರಲ್ಲಿ ಅನೇಕರು ಕುಡಿಯುತ್ತಿದ್ದುದೇ ನೋವಿಗೆ. ನೋವು ಹತೋಟಿಗೆ ಬಂದ ವಾರದಲ್ಲಿ ಲೋಟ ತಾನಾಗಿ ಚಿಕ್ಕದಾಯಿತು. ಎಲ್ಲರಲ್ಲೂ ಅಲ್ಲ.

ಜಾಸ್ತಿಯಾದರೆ ಹೇಗೆ ತಿಳಿಯುವುದು? ಕರೆದರೂ ಅಲುಗಾಡಿಸಿದರೂ ಏಳುವುದಿಲ್ಲ. ಗೊರಕೆ ಗಳಗಳ ಸದ್ದಾಗುತ್ತದೆ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿರುತ್ತದೆ. ತುಟಿ ನೀಲಿಗಟ್ಟುತ್ತದೆ. ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎದೆ ನೋಡಿ ಉಸಿರು ಎಣಿಸಿ. ಎಂಟಕ್ಕಿಂತ ಕಡಿಮೆ ಇದ್ದರೆ ಅಥವಾ ಎಬ್ಬಿಸಲು ಆಗುತ್ತಿಲ್ಲ ಅಂದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ 108ಕ್ಕೆ ಫೋನ್ ಮಾಡಿ. ಬಾಯಿಗೆ ಕಾಫಿ, ಮಜ್ಜಿಗೆ ಏನೂ ಹಾಕಬೇಡಿ. ಆಸ್ಪತ್ರೆಯಲ್ಲಿ ನಲೋಕ್ಸೋನ್ ಅನ್ನೋ ಮದ್ದಿದೆ, ಕೊಟ್ಟರೆ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಮಳೆಗೆ ನೆಟ್‌ವರ್ಕ್ ಹೋಗುವ ಮನೆಯಾದರೆ ಯಾವ ಪಾಯಿಂಟಿನಲ್ಲಿ ಸಿಗ್ನಲ್ ಬರುತ್ತದೆ, ಯಾರ ಜೀಪು ರಾತ್ರಿ ಸಿಗುತ್ತದೆ ಅಂತ ಈಗಲೇ ಮಾತಾಡಿಟ್ಟುಕೊಳ್ಳಿ.

ನಾದಿನಿಯವರ ಪ್ಯಾಚ್. ಫೆಂಟನಿಲ್ ಪ್ಯಾಚ್ ಒಳ್ಳೆಯ ವಸ್ತುವೇ, ನುಂಗಲು ಆಗದವರಿಗೆ ದೇವರಿದ್ದಂತೆ. ಚರ್ಮಕ್ಕೆ ಅಂಟಿಸಿದರೆ ಮೂರು ದಿನ ಬರುತ್ತದೆ. ಆದರೆ ಅದು ಶುರುಮಾಡುವ ಔಷಧಿ ಅಲ್ಲ. 25ರ ಪ್ಯಾಚ್, ಅಂದರೆ ಗಂಟೆಗೆ 25 ಮೈಕ್ರೋಗ್ರಾಂ ಬಿಡುವಂಥದ್ದು, ಒಂದೇ ದಿನಕ್ಕೆ 60 ಎಂ.ಜಿ. ಅಥವಾ ಅದಕ್ಕೂ ಹೆಚ್ಚು ಮಾರ್ಫಿನ್ ನುಂಗಿದ್ದಕ್ಕೆ ಸಮ. ನಿಮ್ಮ ಮಾವನವರು ನುಂಗುತ್ತಿರುವುದು ಹತ್ತೋ ಇಪ್ಪತ್ತೋ. ಹೆಚ್ಚಾಯಿತು ಅಂತ ಕಿತ್ತರೂ ಚರ್ಮದಡಿ ಸೇರಿದ್ದು ಗಂಟೆಗಟ್ಟಲೆ ಒಳಗೆ ಇಳಿಯುತ್ತಲೇ ಇರುತ್ತದೆ. ಕೊಡಗಿನಲ್ಲಿ ಇನ್ನೊಂದು ತೊಂದರೆ ಇದೆ, ಪುಸ್ತಕದಲ್ಲಿ ಹೀಟಿಂಗ್ ಪ್ಯಾಡ್ ಅಂತ ಬರೆದಿರುತ್ತಾರೆ, ಇಲ್ಲಿ ಅದು ಬಚ್ಚಲ ಒಲೆ. ಶಾಖ ತಾಗಿದರೆ ಪ್ಯಾಚಿನಿಂದ ಮದ್ದು ಬೇಗ ಬೇಗ ಮೈಗೆ ಇಳಿಯುತ್ತದೆ. ಆಷಾಢದಲ್ಲಿ ಒಲೆ ಮುಂದೆ ಬೆನ್ನು ಕಾಯಿಸುತ್ತಾ ಕೂರುವ ಮುದುಕರಿಗೆ ಬೆನ್ನಿಗೇ ಪ್ಯಾಚ್ ಹಚ್ಚಿದ್ದನ್ನು ನಾನು ಕಂಡಿದ್ದೇನೆ. ಬಿಸಿನೀರಿನ ಚೀಲ, ಜ್ವರ, ಇವೂ ಅಷ್ಟೇ. ಮುಂದೆ ಯಾವಾಗಾದರೂ ಪ್ಯಾಚ್ ಬಂದರೆ ಇದು ನೆನಪಿರಲಿ.

ಮಾರ್ಫಿನ್ ಒಂದರಿಂದಲೇ ಎಲ್ಲ ಆಗಬೇಕು ಅಂತಲೂ ಇಲ್ಲ. ಮೂಳೆಗೆ ಹರಡಿದ ನೋವಿಗೆ ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಹಳ ಜನರಿಗೆ ಒಂದೇ ಸಲ ಕೊಟ್ಟರೆ ಸಾಕು, ಕೆಲವು ವಾರದಲ್ಲಿ ನೋವು ಇಳಿಯುತ್ತದೆ, ಮಾತ್ರೆಯೂ ಕಡಿಮೆ ಮಾಡಬಹುದು. ಮುಂದಿನ ಸಲ ಹೋದಾಗ ನೀವಾಗಿಯೇ ಕೇಳಿ. ಸ್ನಾನ ಮಾಡಿಸುವಾಗ, ಹಾಸಿಗೆಯಿಂದ ಏಳಿಸುವಾಗ ಮಾತ್ರ ನೋವು ಏರುವುದಾದರೆ ಅರ್ಧ ಗಂಟೆ ಮುಂಚೆ ಒಂದು ಹೆಚ್ಚುವರಿ ಡೋಸ್ ಕೊಡಬಹುದಾ ಅಂತಲೂ ಕೇಳಿ.

ಈಗ ಯಜಮಾನರು. ಬೇಡ. ಇಂಥ ಸೊಂಟನೋವಿಗೆ ತಿಂಗಳುಗಟ್ಟಲೆ ಈ ಜಾತಿ ಮಾತ್ರೆಯಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಚಟದ ಅಪಾಯ ಜಾಸ್ತಿ ಇರುವುದು ಇಂಥ ಕಡೆಯೇ. ಒಬ್ಬರಿಗೆ ಅಳೆದು ಕೊಟ್ಟ ಡೋಸ್ ಇನ್ನೊಬ್ಬರಿಗೆ ಹೆಚ್ಚಾಗಬಹುದು. ಮೊದಲ ಸಲ ನುಂಗಿ ಪಿಕಪ್ ಹತ್ತಿ ಸಂಪಾಜೆ ಘಾಟಿ ಇಳಿದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೆಡಿಕಲ್ ಶಾಪಿನ ಟ್ರಮಡಾಲ್ ಬಗ್ಗೆಯೂ ಸಸಾರ ಬೇಡ. ಅದೂ ಇದೇ ಬಳಗದ್ದು, ಫಿಟ್ಸ್ ತರಿಸಬಲ್ಲದು, 2018ರಿಂದ ಅದೂ ಮಾದಕ ವಸ್ತು ಕಾಯ್ದೆಯ ಅಡಿ ಬಂದಿದೆ. ಸೊಂಟಕ್ಕೆ ಫಿಸಿಯೋಥೆರಪಿ, ವ್ಯಾಯಾಮ ಮಾಡಲಿ. ಗೊಬ್ಬರದ ಮೂಟೆಯನ್ನು ಬೇರೆಯವರು ಎತ್ತಲಿ.

ಮಗುವಿನ ವಿಷಯಕ್ಕೆ ಸಲಿಗೆಯೇ ಇಲ್ಲ. ಐದು ವರ್ಷದ ಮಗುವಿಗೆ ಒಂದು ಮಾತ್ರೆ ಸಾಕು ಅಪಾಯಕ್ಕೆ. ಒಂದು ಮನೆಯಲ್ಲಿ ಅಜ್ಜ ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ ಅಂಗಿ ಜೇಬಿನಲ್ಲಿಟ್ಟಿದ್ದರು, ಅದೇ ಜೇಬಿನಲ್ಲಿ ಮೊಮ್ಮಗಳಿಗೆ ಪೆಪ್ಪರಮೆಂಟೂ ಇತ್ತು. ಏನೂ ಆಗಲಿಲ್ಲ, ಆದರೆ ಆ ಜೇಬು ನನಗೆ ಇನ್ನೂ ಮರೆತಿಲ್ಲ. ಮಾವನವರ ಮಿಲಿಟರಿ ಟ್ರಂಕ್ ಇರುತ್ತದಲ್ಲ, ಬೀಗ ಇರುವಂಥದ್ದು, ಅದರಲ್ಲಿಡಿ. ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಲಿ. ಉಳಿದ ಮಾತ್ರೆಯನ್ನು ಮುಂದಕ್ಕೆ ಬೇಕಾಗುತ್ತೆ ಅಂತ ಇಟ್ಟುಕೊಳ್ಳಬೇಡಿ, ತೋಟಕ್ಕೂ ಎಸೆಯಬೇಡಿ, ಕೊಟ್ಟ ಆಸ್ಪತ್ರೆಗೇ ವಾಪಸ್ ಕೊಡಿ.

ಮಳೆಗಾಲದ ಮಾತು ಒಂದು ಬಾಕಿ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಹೋದದ್ದು ನಿಮಗೆ ನಾನು ನೆನಪಿಸಬೇಕಿಲ್ಲ. ಕ್ರಮವಾಗಿ ತೆಗೆದುಕೊಳ್ಳುತ್ತಿರುವಾಗ ಮಾತ್ರೆ ತೀರಿ ನಾಲ್ಕು ದಿನ ರಸ್ತೆ ಇಲ್ಲ ಅಂದರೆ ನೋವೂ ವಾಪಸ್, ಮೇಲೆ ಹೇಳಿದ ಬೆವರು ಭೇದಿಯೂ ಜೊತೆಗೆ. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮೈಸೂರಿಗೆ ಹೊರಡಿ, ಜೂನ್‌ನಲ್ಲಿ ಹೋದಾಗ ಮಳೆ ವಿಷಯ ಹೇಳಿ ಎಷ್ಟು ಕೊಡಲು ಸಾಧ್ಯವೋ ಅಷ್ಟು ಕೇಳಿ.

ಹೋಗುವಾಗ ಒಂದು ಪುಸ್ತಕ ಜೊತೆಗಿರಲಿ. ತೋಟದ ಆಳುಗಳ ಹಾಜರಿಗೆ ಚೆಕ್‌ರೋಲ್ ಬರೆಯುತ್ತೀರಲ್ಲ, ಹಾಗೆ. ಯಾವ ಹೊತ್ತಿಗೆ ಯಾವ ಮಾತ್ರೆ, ನೋವು ಹತ್ತರಲ್ಲಿ ಎಷ್ಟು, ಮಲ ಆಯಿತಾ, ರಾತ್ರಿ ನಿದ್ದೆ ಬಂತಾ, ಸ್ಟ್ರಿಪ್ಪಿನಲ್ಲಿ ಉಳಿದದ್ದು ಎಷ್ಟು. ನೋವು ಹೇಗಿದೆ ಅಂತ ಕೇಳಿದರೆ ಮಾವನವರಂಥವರು ‘ಪರವಾಗಿಲ್ಲ’ ಅಂತಲೇ ಅನ್ನೋದು, ಕುರ್ಚಿಯಿಂದ ಏಳುವಾಗ ಅದರ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಾರಾ ನೋಡಿ, ಅದನ್ನೂ ಬರೆಯಿರಿ. ಪುಸ್ತಕವನ್ನು ಮಾವನವರ ಕೈಗೇ ಕೊಡಿ. ಮಿಲಿಟರಿಯಲ್ಲಿದ್ದವರು, ಟೈಮು, ಲೆಕ್ಕ ಅವರಿಗೆ ಹೇಳಿಕೊಡಬೇಕಾಗಿಲ್ಲ. ರಮ್ಮಿನ ಲೆಕ್ಕ ಮಾತ್ರ ನೀವು ಬರೆಯಿರಿ.